ಉಮಿಕೋಣೆಯ ಕಾರುಗಳು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮನುಷ್ಯರಿಗೆ ಮೂರು ಕೋಣೆಗಳಿದ್ದವು, ಕಾರುಗಳಿಗೆ ನಾಲ್ಕು. ಮಕ್ಕಳೇ, ನೀವು ಪ್ರತಿ ರಜೆಯಲ್ಲಿ ಬಂದು "ಅಜ್ಜಿ, ಆ ಮನೆಯ ಕಥೆ ಹೇಳಿ" ಎನ್ನುತ್ತೀರಿ. ಎದುರಿಗೆ ನಾಲ್ಕು ಮುಖ ಕಂಡರೆ ನಾನು ಎದ್ದು ಅಡಿಗೆ ಕೋಣೆಗೆ ಹೋಗುವವಳು, ಅದು ನಿಮಗೂ ಗೊತ್ತು. ನಿಮ್ಮ ಅಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಈಗ ಅವರಿಲ್ಲ. ಹಾಗಾಗಿ ಬರೆದು ಕೊಡುತ್ತೇನೆ. ಮುಳ್ಳೇರಿಯದಿಂದ ಅಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಅಕ್ಕಿ ಗಿರಣಿ ಇತ್ತು. ಗಿರಣಿಯ ಹಿಂದಿನ ಗೋಡೆಯೇ ನಮ್ಮ ಮನೆಯ ಮುಂದಿನ ಗೋಡೆ. ಬೆಳಿಗ್ಗೆ ಎಂಜಿನ್ನು ಶುರುವಾದರೆ ಅಡಿಗೆ ಕೋಣೆಯ ಹಲಗೆಯ ಮೇಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು, ಮಧ್ಯಾಹ್ನ ನಿಂತಾಗ ಕಿವಿಯಲ್ಲಿ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಮನೆ ನಮ್ಮ ಅಜ್ಜಿಯದು, ಎಂದರೆ ನನ್ನ ಅಮ್ಮನ ಅಮ್ಮನದು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವುದು. ಗಿರಣಿ ನೋಡಿಕೊಳ್ಳುತ್ತಿದ್ದವರು ಅಮ್ಮನ ಅಣ್ಣ, ನನ್ನ ಸಂಕಪ್ಪ ಮಾವ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಅಡಿಗೆಗೆ ಇದ್ದು ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯ ಮಾತು ತುಳು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಅದನ್ನು ನಿಮಗಾಗಿ ಹೇಳುತ್ತಿದ್ದೇನೆ.

ಕಾರುಗಳ ನಾಲ್ಕು ಕೋಣೆಗಳಲ್ಲಿ ದೊಡ್ಡದು ಉಮಿಕೋಣೆ. ಗಿರಣಿಯಲ್ಲಿ ಭತ್ತದಿಂದ ಬೇರೆಯಾದ ಉಮಿಯೆಲ್ಲ ಒಂದು ಕೊಳವೆಯಿಂದ ಬಂದು ಅಲ್ಲಿ ಗುಡ್ಡೆಯಾಗುತ್ತಿತ್ತು. ಉಮಿ ತೇವವನ್ನು ಹೀರುತ್ತದೆ, ಕಬ್ಬಿಣಕ್ಕೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ ಎಂದು ಮಾವ ಕಂಡುಕೊಂಡಿದ್ದರು. ಕಾರುಗಳ ಸಣ್ಣ ಭಾಗಗಳನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಉಮಿಯೊಳಗೆ ಹೂತಿಡುತ್ತಿದ್ದರು. ಚಳಿಗಾಲದಲ್ಲಿ ನಾವು ಉಮಿಗುಡ್ಡೆ ಹತ್ತಿ ಜಾರುವಾಗ ಕಾಲಿಗೆ ಒಂದು ಹಾರ್ನು, ಒಂದು ಬಾಗಿಲ ಹಿಡಿಕೆ ಸಿಗುವುದಿತ್ತು. ಕಾರಿನ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ, ಚರ್ಮಕ್ಕೆ ಹರಳೆಣ್ಣೆ, ತುಕ್ಕಿಗೆ ಬಿಂಬುಳಿ ಎಂಬ ಹುಳಿಕಾಯಿಯ ರಸ. ಇದ್ಯಾವುದನ್ನೂ ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ನಮ್ಮ ಅಡಿಗೆ ಕೋಣೆಗೆ ಬರುವ ಅರ್ಧ ಸಾಮಾನು ಕಾರುಗಳಿಗೆ ಹೋಗುತ್ತಿತ್ತು, ಊಟದ ಹೊತ್ತಿನ ಜಗಳಗಳಲ್ಲಿ ಹೆಚ್ಚಿನವು ಅದರದ್ದೇ.

"ಅಣ್ಣ, ಮೀನಿಗೆ ಹಾಕ್ಲಿಕ್ಕೆ ಇಟ್ಟ ಬಿಂಬುಳಿ ಎಲ್ಲಿ ಹೋಯ್ತು?"

"ಕೋಳಿಗೂಡಿನ ಅಚ್ಚಿಗೆ ಹೋಯ್ತು."

"ಹಾಗಾದ್ರೆ ಇವತ್ತು ಮಧ್ಯಾಹ್ನ ಅಚ್ಚನ್ನೇ ತಿನ್ನಿ. ಗಸಿ ಇಲ್ಲ."

ಕೋಳಿಗೂಡು ಎಂಬುದು ಮಾವನ ಮೊದಲ ಕಾರು. ಅದನ್ನು ತೋರಿಸಿಕೊಟ್ಟವರು ಹಳೆ ಕಬ್ಬಿಣದ ವ್ಯಾಪಾರ ಮಾಡುತ್ತಿದ್ದ ಅದ್ರಾಮ ಬ್ಯಾರಿ. ಅವರನ್ನು ಮಕ್ಕಳೆಲ್ಲ ಅದ್ರಾಮಚ್ಚ ಎನ್ನುತ್ತಿದ್ದೆವು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಅಡೂರಿನಿಂದ ಬಾಯಾರಿನವರೆಗೆ ನಡೆಯುವ ಮನುಷ್ಯ ಅವರು, ಯಾವ ಮನೆಯ ಹಿತ್ತಿಲಲ್ಲಿ ಯಾವ ಕಬ್ಬಿಣ ಬಿದ್ದಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಬಾಯಾರಿನ ಒಂದು ಮನೆಯಲ್ಲಿ ದೊರೆಗಳ ಕಾಲದ ಕಾರಿನೊಳಗೆ ಕೋಳಿಗಳು ಕಾವು ಕೂತಿವೆ ಎಂದು ಅವರೇ ಬಂದು ಹೇಳಿದರು. ಮುರಿದು ಮಾರುವ ಕಬ್ಬಿಣವನ್ನು ಮುರಿಯಬೇಡ ಎನ್ನುವ ಗಿರಾಕಿ ಅವರಿಗೂ ಹೊಸಬನೇ. ಆದರೆ ಮಾವ ಆ ಕಾರಿನೊಳಗಿನ ಕೋಳಿಹಿಕ್ಕೆಯನ್ನು ಕೈಯಲ್ಲೇ ಕೆರೆದು, ಸೀಟಿನ ಅಡಿಯ ಹಲಗೆಯನ್ನು ಮೂಸಿ, "ಇದು ನಮ್ಮ ಕಡೆಯ ಮರ ಅಲ್ಲ ಅದ್ರಾಮ" ಎಂದಾಗ ಅದ್ರಾಮಚ್ಚನೂ ಬಗ್ಗಿ ಮೂಸಿದರಂತೆ. ಅವತ್ತಿನಿಂದ ಇಬ್ಬರೂ ಒಂದೇ ಹುಚ್ಚಿನವರಾದರು. ಕೋಳಿಗೂಡಿನ ನಂತರ ಇನ್ನೆರಡು ಬಂದವು. ಒಂದಕ್ಕೆ ಪಲ್ಲಕ್ಕಿ ಎಂದು ಹೆಸರಿಟ್ಟೆವು, ಇನ್ನೊಂದಕ್ಕೆ ಒಂದು ಚಕ್ರ ಇಲ್ಲದ್ದರಿಂದ ಕುಂಟಣ್ಣ.

ಕಾರು ಬಂದರೆ ಮೊದಲ ಕೆಲಸ ಅದು ಯಾರದೆಂದು ತಿಳಿಯುವುದು. ನಮ್ಮ ಕಡೆ ಹೊಸ ನೆಂಟರು ಬಂದರೆ ಹಿರಿಯರು ಮೊದಲು ಬರಿ ಯಾವುದು ಎಂದು ಕೇಳುತ್ತಾರೆ, ತಾಯಿಯ ಕಡೆಯ ಕುಲ ಯಾವುದು ಎಂದು. ಮಾವ ಕಾರಿಗೂ ಅದನ್ನೇ ಕೇಳುತ್ತಿದ್ದರು. ಮೂಗು ನೋಡಿ, ಎಂದರೆ ಎಂಜಿನ್ನು ತಣಿಸುವ ನೀರಿನ ಪೆಟ್ಟಿಗೆಯ ಆಕಾರ ನೋಡಿ ಒಂದು ಊಹೆ. ಚಕ್ರದ ನಡುವಿನ ನಟ್ಟುಗಳನ್ನು ಎಣಿಸಿ ಇನ್ನೊಂದು. ಬೋಲ್ಟಿಗೆ ಇಂಚಿನ ಸ್ಪ್ಯಾನರು ಸರಿಯಾಗಿ ಕೂತರೆ ಇಂಗ್ಲೆಂಡೋ ಅಮೆರಿಕವೋ, ಜಾರಿದರೆ ಅದರಾಚೆಯ ಯಾವುದೋ ದೇಶ. ಊಹೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮಂಗಳೂರಿನಲ್ಲಿದ್ದ ಒಬ್ಬ ವಯಸ್ಸಾದ ಪಾದ್ರಿಗಳು ಪರದೇಶಕ್ಕೆ ಕಾಗದ ಬರೆದು ವಿಚಾರಿಸಿಕೊಡುತ್ತಿದ್ದರು. ಉತ್ತರ ಬರುವವರೆಗೆ ಮಾವ ಪುಸ್ತಕದಲ್ಲಿ ಹೆಸರಿನ ಜಾಗ ಖಾಲಿ ಬಿಡುತ್ತಿದ್ದರು. ಊಹೆಯನ್ನು ಹೆಸರಿನ ಜಾಗದಲ್ಲಿ ಬರೆಯುತ್ತಿರಲಿಲ್ಲ. ಕೋಳಿಗೂಡಿನ ಹೆಸರು ಸಿಗಲು ಎರಡು ವರ್ಷ ಹಿಡಿಯಿತು.

ಹೆಸರು ಬೇಕೇಬೇಕು ಎಂಬ ಹಟ ಅಜ್ಜಿಯದೂ ಆಗಿತ್ತು, ಕಾರಣ ಬೇರೆ. ಆಯುಧಪೂಜೆಯ ದಿವಸ ನಮ್ಮಲ್ಲಿ ಗಿರಣಿಯ ಎಂಜಿನ್ನು, ನೇಗಿಲು, ಕತ್ತಿ, ಅಮ್ಮನ ತುರಿಯುವ ಮಣೆ, ಕೊನೆಗೆ ಕಾರುಗಳು, ಎಲ್ಲಕ್ಕೂ ಅಜ್ಜಿಯೇ ಹೂ ಇಡುವುದು. ಒಂದೊಂದರ ಮುಂದೆ ನಿಂತು ಅದರ ಹೆಸರು ಹೇಳಿ, "ಇದನ್ನು ಕಾಪಾಡು" ಎಂದು ಕೇಳಿಕೊಂಡೇ ಇಡುವುದು. ಹೆಸರು ಹೇಳದೆ ದೇವರಿಗೆ ಯಾವುದು ಎಂದು ಗೊತ್ತಾಗುವುದು ಹೇಗೆ ಎಂದು ಅವರ ವಾದ. ಮೊದಲ ಎರಡು ವರ್ಷ ಕೋಳಿಗೂಡಿಗೆ ಹೂ ಸಿಗಲಿಲ್ಲ. ಮೂರನೆಯ ವರ್ಷ ಅಜ್ಜಿ ಆ ಇಂಗ್ಲಿಷ್ ಹೆಸರನ್ನು ತುಳುವಿನ ಹಾಗೆ ತಿರುಗಿಸಿ ಗಟ್ಟಿಯಾಗಿ ಹೇಳಿ ಹೂವಿಟ್ಟಾಗ ಮಾವ ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿದ್ದೇನೆ.

ಅಡೂರಿನ ಕಾರು ಬಂದಾಗ ನನಗೆ ಒಂಬತ್ತು ತುಂಬಿತ್ತು. ಒಂದು ದೊಡ್ಡ ಮನೆಯ ಬೈಹುಲ್ಲಿನ ಕೊಟ್ಟಿಗೆಯಲ್ಲಿ, ಹುಲ್ಲಿನ ಅಡಿಯಲ್ಲಿ ಅದು ಎಷ್ಟೋ ಕಾಲದಿಂದ ಇತ್ತು. ಮರದ ಅರಗಳ ಚಕ್ರಗಳು, ಆಳೆತ್ತರದ ಸೀಟು, ಬಾಗಿಲೇ ಇಲ್ಲ. ಬೈಹುಲ್ಲು ಅದನ್ನು ಬೆಚ್ಚಗೆ ಕಾಪಾಡಿತ್ತು. ಎರಡು ಜೋಡಿ ಎತ್ತು ಕಟ್ಟಿ ಎಳೆದುಕೊಂಡು ಬಂದರು. ಮಾವ ಕಾರಿನ ಮುಂದೆ, ಅದ್ರಾಮಚ್ಚ ಹಿಂದೆ, ಅವರ ಹಿಂದೆ ಅರ್ಧ ಊರು. ಅಜ್ಜಿ ಜಗಲಿಯಲ್ಲಿ ನಿಂತು ನೋಡಿದರು.

"ಎತ್ತು ಎಳೀಲಿಕ್ಕೆ ನಮ್ಮಲ್ಲಿ ಗಾಡಿ ಇಲ್ವಾ ಸಂಕಪ್ಪ?"

"ಇದು ಎಲ್ಲಕ್ಕಿಂತ ಹಳೆಯದು ಅಮ್ಮ. ಈ ಊರಿಗೆ ಬಂದ ಮೊದಲನೇದೇ ಇರಬಹುದು."

"ಬರಿ ಯಾವುದು?"

"ಗೊತ್ತಿಲ್ಲ. ಇಂಚಿನ ಸ್ಪ್ಯಾನರು ಕೂತುಕೊಳ್ಳುದಿಲ್ಲ."

ಅಜ್ಜಿ ಉಮಿಕೋಣೆಯ ಕಡೆ ನೋಡಿದರು. ಏಣೆಲು, ಎಂದರೆ ಮಳೆಗಾಲದ ಬೆಳೆಯ ಭತ್ತ ಬರುವ ಸಮಯ. ಗಿರಣಿ ಹಗಲಿಡೀ ಓಡಿದರೆ ಉಮಿ ಹಾಕಲು ಜಾಗವೇ ಇಲ್ಲ. ಅಜ್ಜಿ ಕೂಗಾಡುವವರಲ್ಲ, ಒಮ್ಮೆ ಹೇಳಿದರೆ ಅದು ಮುಗಿಯಿತು.

"ಆಯುಧಪೂಜೆಯವರೆಗೆ ಇರ್ಲಿ. ಅವತ್ತು ಹೆಸರು ಹೇಳು, ಹೂ ಇಡ್ತೇನೆ. ಹೇಳ್ಲಿಕ್ಕೆ ಆಗದಿದ್ರೆ ಅದ್ರಾಮ ಕೊಂಡುಹೋಗ್ಲಿ."

ಮಾವನಿಗೆ ಒಂದೇ ಒಂದು ಆಸೆ ಇತ್ತು. ಕಾರು ಹೊರಡುವ ಮೊದಲೇ ಅದ್ರಾಮಚ್ಚ ಅದರ ಮುಂದಿನ ಹಲಗೆಯಿಂದ ಅಂಗೈಯಗಲದ ಹಿತ್ತಾಳೆಯ ತಗಡೊಂದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದರು, ದಾರಿಯಲ್ಲಿ ಯಾರಾದರೂ ಕೀಳಬಾರದೆಂದು. ಕಾರು ಮಾಡಿದವರು ತಮ್ಮ ಹೆಸರು, ನಂಬರು ಹಾಕುವ ತಗಡು ಅದು. ಅದರ ಮೇಲೆ ಯಾವನೋ ದಪ್ಪಕ್ಕೆ ಡಾಮರು ಬಳಿದಿದ್ದ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ಅಂಚಿನಲ್ಲಿ ಡಾಮರು ಎದ್ದ ಕಡೆ ಉಗುರಿಗೆ ಅಕ್ಷರ ಸಿಗ್ತದೆ ಸಂಕಪ್ಪಣ್ಣ. ಉಂಟು, ಬರೆದದ್ದು ಉಂಟು," ಎಂದರು ಅದ್ರಾಮಚ್ಚ.

ಕೆರೆದರೆ ಅಕ್ಷರ ಹೋದೀತು ಎಂದು ಮಾವ ತಗಡಿಗೆ ಹರಳೆಣ್ಣೆ ಮೆತ್ತಿ ಬಾಳೆಎಲೆಯಲ್ಲಿ ಕಟ್ಟಿದರು. ನಾಲ್ಕು ದಿನ ಮುಟ್ಟದೆ ಬಿಟ್ಟರೆ ಡಾಮರು ತಾನೇ ಸಡಿಲುತ್ತದೆ, ಶನಿವಾರ ಶಾಲೆಯ ಹೆಡ್ಮಾಸ್ಟರನ್ನು ಕರೆದು ಓದಿಸುವುದು ಎಂದು ಲೆಕ್ಕ. ಎಲೆಯ ಕಟ್ಟನ್ನು ಇಡಲು ಮನೆಯಲ್ಲೇ ಭದ್ರವಾದ ಜಾಗ ಹುಡುಕಿ ದೇವರ ಕೋಣೆಯ ದೀಪದ ಹಲಗೆಯ ಮೇಲೆ ಇಟ್ಟರು. ಅಲ್ಲಿಗೆ ಇಲಿ ಬರುವುದಿಲ್ಲ, ಮಕ್ಕಳು ಹೋಗುವುದಿಲ್ಲ, ನನ್ನನ್ನು ಬಿಟ್ಟು.

ನನ್ನ ವಿಷಯ ಸ್ವಲ್ಪ ಹೇಳಬೇಕು. ಶಾಲೆಯಲ್ಲಿ ಹಾಜರಿ ಕರೆದಾಗ ನಾನು "ಇದ್ದೇನೆ" ಎಂದದ್ದು ಮಾಸ್ಟ್ರಿಗೆ ಕೇಳಿಸದೆ ಎಷ್ಟೋ ದಿನ ಗೈರುಹಾಜರಿ ಬಿದ್ದದ್ದುಂಟು. ನೆಂಟರು ಬಂದರೆ ಉಮಿಕೋಣೆಗೆ ಹೋಗಿ ಪಲ್ಲಕ್ಕಿಯ ಹಿಂದಿನ ಸೀಟಿನಲ್ಲಿ ಕೂರುವವಳು. ನನ್ನನ್ನು ಯಾರಾದರೂ ಹೊಗಳಿದ್ದಿದ್ದರೆ ಅದು ಶುಕ್ರವಾರಗಳಂದು ಮಾತ್ರ. ಶುಕ್ರವಾರ ದೇವರ ದೀಪಗಳನ್ನು ತಿಕ್ಕುವುದು ನನ್ನ ಕೆಲಸ. ನಮ್ಮದೇ ಗಿರಣಿಯ ಉಮಿಯನ್ನು ಸುಟ್ಟ ಉಮಿಕರಿ, ಅದಕ್ಕೆ ಹುಣಸೆಹುಳಿ, ತೆಂಗಿನ ನಾರು. ಉಮಿಕರಿ ನೋಡಲು ಮೆತ್ತಗೆ, ತಿಕ್ಕಿದರೆ ಮರಳಿಗಿಂತ ಹರಿತ. "ವಾರಿಜ ತಿಕ್ಕಿದ್ರೆ ಹಿತ್ತಾಳೆ ಹೋಗಿ ಚಿನ್ನ ಬರ್ತದೆ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಶುಕ್ರವಾರ ದೀಪಗಳನ್ನು ಇಳಿಸುವಾಗ ಬಾಳೆಎಲೆಯ ಕಟ್ಟು ಸಿಕ್ಕಿತು. ಅದು ಏನೆಂದು ನನಗೆ ಗೊತ್ತಿತ್ತು. ಅದೇನೆಂದು ಗೊತ್ತಿಲ್ಲದೆ ಮಾಡಿದೆ ಎಂದು ನಿಮಗೆ ಹೇಳಿದರೆ ಸುಳ್ಳಾಗುತ್ತದೆ. ಬಿಚ್ಚಿದೆ. ಡಾಮರು ಎಲೆಗೇ ಅಂಟಿಕೊಂಡು ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಮಂಕು ಹಿತ್ತಾಳೆ, ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆಗಳು, ಮೂರು ಸಾಲು. ಇಂಗ್ಲಿಷ್ ನಮಗಿನ್ನೂ ಶುರುವಾಗಿರಲಿಲ್ಲ. ಬಳ್ಳಿಯ ಹಾಗೆ ಒಂದಕ್ಕೊಂದು ಸುತ್ತಿಕೊಂಡ ಆ ಗೆರೆಗಳು ಅಕ್ಷರ ಎಂದು ನನಗೆ ಹೊಳೆಯಲಿಲ್ಲ. ದೀಪದ ಕಂಬದ ಸುತ್ತಿನಲ್ಲಿ ಕೂರುವ ಹಳೆಯ ಕೊಳೆಯೂ ಹೀಗೆಯೇ ಇರುತ್ತದೆ. ಅಕ್ಷರ ಹಿಂದಿನ ಬದಿಯಲ್ಲಿ ಇರಬೇಕು ಎಂದುಕೊಂಡೆ. ನಾಳೆ ಮಾವ ಬಿಚ್ಚಿದಾಗ ತಗಡು ಫಳಫಳ ಹೊಳೆಯಬೇಕು, ಯಾರು ತಿಕ್ಕಿದ್ದು ಎಂದು ಕೇಳಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಾವಿಕಟ್ಟೆಯಲ್ಲಿ ಕೂತು ಕೈ ಸೋಲುವವರೆಗೆ ತಿಕ್ಕಿದೆ. ಕೊಳೆ ಹೋಗಲು ತುಂಬ ಹೊತ್ತು ಹಿಡಿಯಿತು. ಆಮೇಲೆ ತಗಡಿನಲ್ಲಿ ನನ್ನ ಮುಖ ಕಂಡಿತು. ಹಿಂದೆ ತಿರುಗಿಸಿದೆ. ಅಲ್ಲಿ ಏನೂ ಇರಲಿಲ್ಲ.

ಡಾಮರು ಅಂಟಿದ ಹಳೆಯ ಎಲೆಯಲ್ಲೇ ಮತ್ತೆ ಕಟ್ಟಿ ಹಲಗೆಯ ಮೇಲೆ ಇಟ್ಟುಬಿಟ್ಟೆ. ಶನಿವಾರ ಹೆಡ್ಮಾಸ್ಟರು ಕನ್ನಡಕ ಹಾಕಿಕೊಂಡು ಕೂತರು. ಮಾವ ಕಟ್ಟು ಬಿಚ್ಚಿದರು. ಡಾಮರು ಎಲೆಯಲ್ಲಿತ್ತು, ತಗಡು ನುಣ್ಣಗಿತ್ತು. ಹೆಡ್ಮಾಸ್ಟರು ತಗಡನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿದರು, ತಲೆ ಆಡಿಸಿದರು. ಅದ್ರಾಮಚ್ಚನೂ ಬಂದಿದ್ದರು, ಅಂಗಳದಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಜ್ಜಿ ತಗಡನ್ನು ಕೈಗೆ ತೆಗೆದುಕೊಂಡರು.

"ಬ್ಯಾರಿ, ಇದು ಯಾವ ಪಾತ್ರೆಯ ಮುಚ್ಚಳ?"

"ಅಮ್ಮ, ದೇವರಾಣೆ, ಅಕ್ಷರ ಇತ್ತು. ನನ್ನ ಉಗುರಿಗೆ ಸಿಕ್ಕಿದೆ."

"ಹಾಗಾದ್ರೆ ಉಗುರಿನಲ್ಲಿ ಹುಡುಕು. ಇದರಲ್ಲಿ ಇಲ್ಲ. ಸಂಕಪ್ಪನಿಗೆ ಹುಚ್ಚು ಉಂಟು ಅಂತ ಖಾಲಿ ತಗಡಿಗೆ ಡಾಮರು ಬಳಿದು ಕೊಟ್ಯಾ?"

ಅದ್ರಾಮಚ್ಚ ಮಾವನ ಮುಖ ನೋಡಿದರು. ಮಾವ ತಗಡನ್ನೇ ನೋಡುತ್ತಿದ್ದರು. ಅದ್ರಾಮಚ್ಚ ಬುಟ್ಟಿ ಎತ್ತಿಕೊಂಡು ಹೋದರು. ಡಾಮರಿನ ಅಡಿಯಲ್ಲಿ ಗೆರೆ ಇದ್ದದ್ದನ್ನು ಕಂಡದ್ದು ಲೋಕದಲ್ಲಿ ಎರಡೇ ಕಣ್ಣು, ನನ್ನವು. ಅವರು ಸುಳ್ಳುಗಾರರಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ನಾನು ಕಂಬದ ಹಿಂದೆ ನಿಂತಿದ್ದೆ, ಅಲ್ಲೇ ನಿಂತೆ.

ಮರುದಿನ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಗಸಿ. ಅವತ್ತು ಬಿಂಬುಳಿ ಯಾರೂ ಕದ್ದಿರಲಿಲ್ಲ, ಅದೇ ಮನೆ ಸರಿಯಿಲ್ಲ ಎನ್ನುವುದಕ್ಕೆ ಗುರುತು. ಅಜ್ಜಿ ತಟ್ಟೆಯಿಂದ ತಲೆ ಎತ್ತದೆ, "ಇನ್ನು ಅವನನ್ನು ಅಂಗಳಕ್ಕೆ ಬಿಡುದು ಬೇಡ ಸಂಕಪ್ಪ" ಎಂದರು. ಮಾವನ ಕೈ ಅನ್ನದಲ್ಲೇ ನಿಂತಿತು.

"ನಾನು ತಿಕ್ಕಿದ್ದು," ಎಂದೆ.

ಅದು ಎಷ್ಟು ಸಣ್ಣಗೆ ಬಂತೆಂದರೆ ಅಮ್ಮ ನನಗೆ ಗಸಿ ಬೇಕೇನೋ ಎಂದು ಸೌಟು ತಂದರು.

"ಗಸಿ ಬೇಡ. ತಗಡು ನಾನು ತಿಕ್ಕಿದ್ದು. ಉಮಿಕರಿ ಹಾಕಿ. ಕಪ್ಪು ಗೆರೆ ಇತ್ತು. ಕೊಳೆ ಅಂತ ತಿಕ್ಕಿದೆ."

ಅಮ್ಮನ ಸೌಟು ತಟ್ಟೆಗೆ ಬಿತ್ತು. ಹೊಡೆತ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

"ಗೆರೆ ಇತ್ತಾ?" ಮಾವ ಕೇಳಿದರು.

"ಇತ್ತು."

"ಎಷ್ಟು ಸಾಲು?"

"ಮೂರು."

"ಹಾಗಾದ್ರೆ ಅದ್ರಾಮ ಹೇಳಿದ್ದು ಸರಿ," ಎಂದರು ಮಾವ. ಮಕ್ಕಳೇ, ಆ ಮುಖವನ್ನು ನಿಮಗೆ ತೋರಿಸಲು ಆಗುತ್ತಿದ್ದರೆ! ನಾಲ್ಕು ದಿನ ಕಾದು ಕೂತ ಕಾರಿನ ಹೆಸರನ್ನು ನಾನು ತಿಕ್ಕಿ ತೆಗೆದಿದ್ದೆ. ಅವರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಗೆಳೆಯ ಮೋಸ ಮಾಡಲಿಲ್ಲ ಎಂಬ ಸಮಾಧಾನ. ಅಜ್ಜಿ ನನಗೆ "ಊಟ ಮಾಡು" ಎಂದಷ್ಟೇ ಹೇಳಿದರು. ಅದ್ರಾಮಚ್ಚನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೈ ತೊಳೆದ ಮಾವ ನನ್ನನ್ನು ಕರೆದುಕೊಂಡು ನೇರ ಅದ್ರಾಮಚ್ಚನ ಮನೆಗೆ ನಡೆದರು. ಗುಡ್ಡ ಇಳಿದು ಹತ್ತಿದರೆ ಅವರ ಮನೆ. ದಾರಿಯಲ್ಲಿ ಮಾವ ಹೇಳಿದ್ದು ಒಂದೇ ಮಾತು, "ಹೇಳುದು ನೀನೇ." ಅಂಗಳದ ತುಂಬ ಮುರಿದ ಕೊಡಪಾನ, ಸೈಕಲ್ಲಿನ ರಿಮ್ಮು. ನಾನು ಹೇಳಿದೆ. ಅದ್ರಾಮಚ್ಚ ನನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಫ್ರಾನ್ಸೋ ಜರ್ಮನಿಯೋ ಕಬ್ಬಿಣದ ಮಿಷನಿನಲ್ಲಿ ಬರೆದದ್ದನ್ನು ಈ ಎರಡು ಕೈ ಅಳಿಸಿತಾ? ನನ್ನ ಮನೆಯಲ್ಲಿ ನಾಲ್ಕು ತಪ್ಪಲೆ ಉಂಟು ಮೋಳೇ, ಬೀಪಾತುವಿಗೆ ತಿಕ್ಕಿ ಕೊಡ್ತೀಯಾ?" ಎಂದು ಒಳಗಿದ್ದ ಹೆಂಡತಿಯ ಕಡೆ ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಮಾವನನ್ನು ಕೇಳಿದರು, "ಅಮ್ಮನಿಗೆ ಗೊತ್ತಾಯ್ತಾ?"

"ಆಯ್ತು."

"ಎಂತ ಹೇಳಿದ್ರು?"

ಮಾವ ಬಗ್ಗಿ ಅಂಗಳದ ರಿಮ್ಮೊಂದನ್ನು ಎತ್ತಿ ತಿರುಗಿಸಿ ನೋಡತೊಡಗಿದರು.

ಪೂಜೆ ಗುರುವಾರ. ಉಳಿದದ್ದು ಮೂರು ದಿನ. ಕಾರು ಮಾಡಿದವರು ನಂಬರನ್ನು ಒಂದೇ ಕಡೆ ಹಾಕಿ ಸುಮ್ಮನಾಗುವುದಿಲ್ಲ, ತಗಡು ಕಳೆದುಹೋದೀತು ಎಂದು ಕಬ್ಬಿಣದಲ್ಲೂ ಎಲ್ಲಾದರೂ ಹೊಡೆದಿರುತ್ತಾರೆ ಎಂದು ಮಾವ ಹೇಳಿದರು. ಎಂಜಿನ್ನಿನ ಪಕ್ಕದಲ್ಲಿ ಕೆಳಗಿನ ಚೌಕಟ್ಟಿಗೆ ಹೋಗಲು ಮಾವನ ಕೈ ಹಿಡಿಸುವುದಿಲ್ಲ. ನನ್ನದು ಹಿಡಿಸುತ್ತದೆ. ಶಾಲೆಗೆ ರಜೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಮಾವ ಚಿಮಿಣಿ ದೀಪ ಹಿಡಿದು ಪಕ್ಕದಲ್ಲಿ ಕೂತಿದ್ದರು. ತಿಕ್ಕಬಾರದು, ಅದು ಮೊದಲ ಪಾಠ. ಬಿಂಬುಳಿ ರಸದಲ್ಲಿ ಬಟ್ಟೆ ಅದ್ದಿ ಕಬ್ಬಿಣಕ್ಕೆ ಹಚ್ಚಿ ಬಿಡಬೇಕು, ಕಾಯಬೇಕು, ಒರೆಸಬೇಕು, ಆಮೇಲೆ ಬೆರಳಿನ ತುದಿಯಲ್ಲಿ ನಿಧಾನಕ್ಕೆ ಹೋಗಬೇಕು.

"ಅವಸರ ಮಾಡ್ಬೇಡ. ಕಣ್ಣಿಗೆ ಅವಸರ ಇರ್ತದೆ, ಬೆರಳಿಗೆ ಇಲ್ಲ. ಮಗುವಿನ ತಲೆ ಸವರಿದ ಹಾಗೆ ಹೋಗು."

ಅಚ್ಚಿನಲ್ಲಿ ಎರೆದ ಕಬ್ಬಿಣ ಮುಟ್ಟಿದರೆ ಹೇಗಿರುತ್ತದೆ, ಸುತ್ತಿಗೆಯಿಂದ ಬಡಿದದ್ದು ಹೇಗಿರುತ್ತದೆ, ತುಕ್ಕಿನ ಕುಳಿ ಯಾವುದು, ಮನುಷ್ಯ ಮಾಡಿದ ಕುಳಿ ಯಾವುದು, ಎಲ್ಲವನ್ನೂ ಅವರು ಅಲ್ಲಿ ಕೂತುಕೊಂಡೇ ನನಗೆ ಹೇಳಿಕೊಟ್ಟರು. ಒಂದೇ ಒಂದು ಸಲವೂ ತಗಡಿನ ಮಾತು ಎತ್ತಲಿಲ್ಲ. ನಾನು ಆವರೆಗೆ ಯಾರೊಂದಿಗೂ ಅಷ್ಟು ಮಾತಾಡಿರಲಿಲ್ಲ. ಕಾರಿನ ಅಡಿಯಲ್ಲಿ ಮುಖ ಕಾಣುವುದಿಲ್ಲವಲ್ಲ, ಮಾತು ಸುಲಭವಾಗಿ ಬರುತ್ತಿತ್ತು. ಬುಧವಾರ ಮಧ್ಯಾಹ್ನ, ಬಲಗಡೆಯ ಚೌಕಟ್ಟು ಮುಂದಕ್ಕೆ ಬಾಗುವ ಜಾಗದಲ್ಲಿ, ನನ್ನ ಬೆರಳಿಗೆ ಒಂದು ಸಣ್ಣ ಬಾಗು ಸಿಕ್ಕಿತು. ತುಕ್ಕಿನ ಕುಳಿ ಅಷ್ಟು ಅಂದವಾಗಿ ಬಾಗುವುದಿಲ್ಲ. ಮಾವ ಅಕ್ಕಿಹುಡಿ ತಂದುಕೊಟ್ಟರು. ಅದನ್ನು ಅಂಗೈಯಲ್ಲಿ ಸವರಿ ಮೆಲ್ಲಗೆ ಊದಿದಾಗ ಕಪ್ಪು ಕಬ್ಬಿಣದ ಮೇಲೆ ಬಿಳಿಯಾಗಿ ನಾಲ್ಕು ಅಂಕೆಗಳು ನಿಂತವು. ಅಂಕೆಗಳನ್ನು ನಾನು ಓದಬಲ್ಲೆ. ಗಟ್ಟಿಯಾಗಿ ಓದಿದೆ. ಗಿರಣಿಯವರೆಗೆ ಕೇಳಿತಂತೆ.

ನಂಬರು ಸಿಕ್ಕಿತು, ಹೆಸರು ಸಿಗಲಿಲ್ಲ. ಹೆಸರು ತಿಳಿಯಬೇಕಾದರೆ ಆ ನಂಬರನ್ನೂ ಕಾರಿನ ಗುರುತುಗಳನ್ನೂ ಪಾದ್ರಿಗಳು ಕಾಗದದಲ್ಲಿ ಬರೆದು, ಅದು ಸಮುದ್ರ ದಾಟಿ, ಉತ್ತರ ಬರಬೇಕು. ಗುರುವಾರ ಬೆಳಿಗ್ಗೆ ಅಜ್ಜಿ ಹೂವಿನ ಹರಿವಾಣ ಹಿಡಿದು ಹೊರಟರು. ಎಂಜಿನ್ನು ಆಯಿತು, ಮಣೆ ಆಯಿತು, ಕೋಳಿಗೂಡು, ಪಲ್ಲಕ್ಕಿ, ಕುಂಟಣ್ಣ ಆಯಿತು. ಅಡೂರಿನ ಕಾರಿನ ಮುಂದೆ ನಿಂತರು. ಅಮ್ಮ ಮಾವನ ಬೆನ್ನಿನ ಹಿಂದಿನಿಂದ ಪಿಸುಗುಟ್ಟಿದರು.

"ಯಾವುದಾದ್ರೂ ಒಂದು ಹೆಸರು ಹೇಳಿ ಅಣ್ಣ. ಯಾರಿಗೆ ಗೊತ್ತಾಗ್ತದೆ ಇಲ್ಲಿ?"

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾವನ ಪುಸ್ತಕದಲ್ಲಿ ಹತ್ತು ಊಹೆಗಳಿದ್ದವು, ಒಂದನ್ನು ಎತ್ತಿ ಹೇಳಿದ್ದರೆ ಕಾರು ಉಳಿಯುತ್ತಿತ್ತು.

"ಹೆಸರು ಗೊತ್ತಿಲ್ಲ ಅಮ್ಮ," ಎಂದರು ಮಾವ. "ನಂಬರು ಮಾತ್ರ ಸಿಕ್ಕಿದೆ. ವಾರಿಜ ಹುಡುಕಿದ್ದು."

ಅಜ್ಜಿ ಕೈಯಲ್ಲಿದ್ದ ಕೇಪುಳದ ಹೂವನ್ನು ಹರಿವಾಣಕ್ಕೆ ಹಾಕಿ ಒಳಗೆ ಹೋದರು. ನಾನು ಆಮೇಲೆ ಎಷ್ಟೋ ಜನ ದೊಡ್ಡವರನ್ನು, ಕಲಿತವರನ್ನು ನೋಡಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಪ್ರೀತಿಯ ವಸ್ತುವನ್ನು ಕಳೆದುಕೊಳ್ಳಲು ತಯಾರಾದವರನ್ನು ಹೆಚ್ಚು ನೋಡಿಲ್ಲ.

ಮರುದಿನ ಎತ್ತು ಬಂದವು. ಅದ್ರಾಮಚ್ಚ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ, ರಸ್ತೆಯಲ್ಲೇ ನಿಂತರು. ಕಾರು ರಸ್ತೆಗೆ ಬಂದ ಮೇಲೆ ಹಗ್ಗ ಹಿಡಿದುಕೊಂಡರು. ಮಾವ ಅವರ ಹತ್ತಿರ ಹೋಗಿ, "ಮುರಿಯುವ ದಿವಸ ನನಗೆ ಹೇಳ್ಬೇಡ ಅದ್ರಾಮ" ಎಂದರು.

"ಮುರಿಯುದಾ? ಅಮ್ಮ ಎಂತ ಹೇಳಿದ್ದು? ಕೊಂಡುಹೋಗು ಅಂತ. ಕೊಂಡುಹೋಗ್ತಾ ಇದ್ದೇನೆ. ಮುರಿ ಅಂತ ಹೇಳಿದ್ದು ನನಗೆ ಕೇಳ್ಲಿಲ್ಲ ಮಾರಾಯ್ರೆ."

ತಮ್ಮನ್ನು ಸುಳ್ಳುಗಾರ ಎಂದವರ ಮನೆಯ ಕಾರಿಗೆ ಆ ಮನುಷ್ಯ ತಮ್ಮ ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರ ಹಾಕಿದರು. ಮಾರಬೇಕಾದ ಕಬ್ಬಿಣವನ್ನು ಬಿಸಿಲಿಗೆ ಬಿಟ್ಟು ಕಾರನ್ನು ನೆರಳಿನಲ್ಲಿ ಇಟ್ಟರು. ಪ್ರತಿ ಭಾನುವಾರ ಮಾವ ಮತ್ತು ನಾನು ಒಂದು ಗೋಣಿ ಉಮಿ ಹೊತ್ತುಕೊಂಡು ಹೋಗುತ್ತಿದ್ದೆವು. ಚಕ್ರಗಳ ಅಡಿಗೆ ಉಮಿ ಹಾಸಿದೆವು. ಮರದ ಅರಗಳಿಗೆ ಗೇರೆಣ್ಣೆ ಹಚ್ಚಿದೆವು. ಅದು ಕೈಗೆ ತಾಗಿದರೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಶಾಲೆಯಲ್ಲಿ ಟೀಚರು ನನ್ನ ಕೈ ನೋಡಿ ಏನೆಂದು ಕೇಳಿದಾಗ ನಾನು ನಿಂತು ಉತ್ತರ ಹೇಳಿದೆ, ಇಡೀ ಕ್ಲಾಸಿಗೆ ಕೇಳುವ ಹಾಗೆ. ಅಮ್ಮ ಅವಲಕ್ಕಿ ಕಟ್ಟಿಕೊಡುತ್ತಿದ್ದರು. ಅಜ್ಜಿ ನಾವು ಎಲ್ಲಿಗೆ ಹೋಗುತ್ತೇವೆ ಎಂದು ಒಮ್ಮೆಯೂ ಕೇಳಲಿಲ್ಲ, ಆದರೆ ಭಾನುವಾರ ನಮ್ಮ ಊಟವನ್ನು ತಡವಾಗಿಯೇ ಬಡಿಸಲು ಅಮ್ಮನಿಗೆ ಹೇಳುತ್ತಿದ್ದರು.

ನಮ್ಮ ಹೊಸ ವರ್ಷದ ಬಿಸು ಹಬ್ಬಕ್ಕೆ ಹತ್ತು ದಿನ ಇರುವಾಗ ಪಾದ್ರಿಗಳ ಕಾಗದ ಬಂತು. ಅದು ಈಗಲೂ ನಿಮ್ಮ ದೊಡ್ಡ ಮಾಮನ ಫೈಲಿನಲ್ಲಿದೆ. ಫ್ರಾನ್ಸಿನ ಕಂಪೆನಿ, ಮುಚ್ಚಿ ಹೋಗಿ ತುಂಬ ಕಾಲವಾಗಿತ್ತು. ಆ ನಂಬರಿನ ಕಾರು ಅವರು ಮಾಡಿದ ಮೊದಮೊದಲಿನವುಗಳಲ್ಲಿ ಒಂದು. ಮಾವ ಹೇಳಿದ್ದು ಸರಿಯಾಗಿತ್ತು, ನಮ್ಮ ಉಳಿದ ಮೂರಕ್ಕಿಂತಲೂ ಅದು ಹಿರಿಯದು. ಹೆಸರನ್ನು ನಾನು ಇಲ್ಲಿ ಬರೆಯಲು ಹೋಗುವುದಿಲ್ಲ, ಬರೆದರೆ ತಪ್ಪಾಗುತ್ತದೆ. ಕೊನೆಯ ಎರಡು ಅಕ್ಷರ ಬರೆಯಬೇಕು, ಆದರೆ ಹೇಳಬಾರದು ಎಂದು ತಿಳಿಸಿ, ಪಾದ್ರಿಗಳು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಬೇರೆಯೇ ಬರೆದು ಕಳಿಸಿದ್ದರು. ಮಾವ ಅದನ್ನು ಜಗಲಿಯಲ್ಲಿ ಓದಿದರು. ಅಜ್ಜಿ ಕೇಳಿಸಿಕೊಂಡರು.

"ಬರೆದು ಹೇಳದೆ ಬಿಡುದು ಎಂಥ ಊರಪ್ಪ ಅದು!" ಎಂದು ಎದ್ದು ಹಿತ್ತಿಲಿಗೆ ಹೋಗಿ ಎಲೆಯಲ್ಲಿ ನಾಲ್ಕು ಕೇಪುಳದ ಹೂ ಕೊಯ್ದುಕೊಂಡು ಬಂದರು. ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಅಮ್ಮ? ಇವತ್ತು ಆಯುಧಪೂಜೆ ಅಲ್ವಲ್ಲ."

"ಹೆಸರು ಹೇಳಿದ್ರೆ ಹೂ ಇಡ್ತೇನೆ ಅಂತ ಹೇಳಿದ್ದೆ. ಹೆಸರು ಬಂತು. ಬರ್ತೀಯಾ, ನಾನೊಬ್ಬಳೇ ಹೋಗ್ಲಾ?"

ಗುಡ್ಡ ಇಳಿದು ಹತ್ತಿದೆವು. ಅಜ್ಜಿ ಎರಡು ಕಡೆ ಕೂತು ಸುಧಾರಿಸಿಕೊಂಡರು. ಅದ್ರಾಮಚ್ಚ ಅಂಗಳದಲ್ಲಿ ಕೊಡಪಾನ ತಟ್ಟುತ್ತಿದ್ದವರು ಸುತ್ತಿಗೆ ಕೈಯಲ್ಲಿ ಹಿಡಿದೇ ಎದ್ದು ನಿಂತರು. ಅವರ ಹೆಂಡತಿ ಬೀಪಾತು ಬಾಗಿಲಿಗೆ ಬಂದು ತಟ್ಟನೆ ಸೆರಗು ತಲೆಗೆ ಎಳೆದುಕೊಂಡರು. ಅಜ್ಜಿ ಯಾರನ್ನೂ ನೋಡದೆ ಚಪ್ಪರದ ಅಡಿಗೆ ಹೋಗಿ ಕಾರಿನ ಮುಂದೆ ನಿಂತರು.

"ಹೆಸರು ಹೇಳು."

ಮಾವ ನನ್ನ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ತಳ್ಳಿದರು. ನಾನು ಹೇಳಿದೆ. ಅಜ್ಜಿ ಕಿವಿ ಮುಂದೆ ತಂದು ಇನ್ನೊಮ್ಮೆ ಹೇಳಿಸಿದರು. ಆಮೇಲೆ ತಮ್ಮದೇ ರೀತಿಯಲ್ಲಿ ಅದನ್ನು ಕರೆದು, ಕಾಪಾಡು ಎಂದು ಕೇಳಿಕೊಂಡು, ನಾಲ್ಕೂ ಹೂಗಳನ್ನು ನೀರಿನ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟರು. "ನಾಳೆ ಮನೆಗೆ ತರ್ಲಿ. ಉಮಿಗೆ ಬೇರೆ ಜಾಗ ಮಾಡುವ," ಎಂದರು. ಎಲ್ಲರೂ ಅವರು ಹೊರಡುತ್ತಾರೆ ಎಂದುಕೊಂಡೆವು. ಅವರು ಕಾರಿನ ಮೆಟ್ಟಿಲ ಹಲಗೆಯ ಮೇಲೆ ಕೂತುಬಿಟ್ಟರು.

ನಮ್ಮ ಅಜ್ಜಿ ಮನೆಯಿಂದ ಹೊರಗೆ ಎಲ್ಲೂ ನೀರು ಕೂಡ ಮುಟ್ಟುವವರಲ್ಲ. ಮದುವೆಗೆ ಹೋದರೂ ಉಂಡು ಹೋಗಿ, ಬಂದು ಉಣ್ಣುವವರು. ಅದು ಅದ್ರಾಮಚ್ಚನಿಗೂ ಗೊತ್ತಿತ್ತು. ಅದಕ್ಕೇ ಕತ್ತಿ ತೆಗೆದುಕೊಂಡು, ಪಾತ್ರೆ ಮುಟ್ಟದ ಎಳನೀರಿನ ಬೊಂಡ ಕೆತ್ತಲು ಹೊರಟರು.

"ಬೊಂಡ ನನ್ನ ಮನೆಯಲ್ಲೂ ಉಂಟು," ಎಂದರು ಅಜ್ಜಿ. "ನಿನ್ನ ಮನೆಯಲ್ಲಿ ಚಾ ಮಾಡುದಿಲ್ವಾ?"

ಅದ್ರಾಮಚ್ಚ ಕತ್ತಿ ಹಿಡಿದು ನಿಂತಲ್ಲೇ ನಿಂತರು. "ಮಾಡ್ತೇವೆ ಅಮ್ಮ. ಆದ್ರೆ... ಹಾಲು ಆಡಿನದ್ದು."

"ಹುಲಿಯದ್ದು ಅಲ್ವಲ್ಲ. ತರ್ಲಿ."

ಬೀಪಾತು ಒಳಗೆ ಓಡಿದ ಸದ್ದು ಕೇಳಿತು. ಗಾಜಿನ ಲೋಟದಲ್ಲಿ ಚಾ ಬಂತು, ಬೆಲ್ಲ ಹಾಕಿದ್ದು. ಅಜ್ಜಿ ಎರಡೂ ಕೈಗಳಲ್ಲಿ ಲೋಟ ಹಿಡಿದು, ಊದಿ, ಮೆಲ್ಲಗೆ ಕುಡಿದರು. ಮಾವ ಎತ್ತಲೋ ನೋಡುತ್ತಿದ್ದರು. ಅರ್ಧ ಮುಗಿದ ಮೇಲೆ ಅಜ್ಜಿ ಅದ್ರಾಮಚ್ಚನ ಮುಖವನ್ನು ಆ ಶನಿವಾರದ ನಂತರ ಮೊದಲ ಸಲ ನೋಡಿದರು.

"ಅಕ್ಷರ ಇತ್ತಂತೆ, ಅದ್ರಾಮ."

"ಇತ್ತು, ಅಮ್ಮ."

ಅಜ್ಜಿ ಉಳಿದ ಚಾವನ್ನೂ ಕುಡಿದು ಲೋಟವನ್ನು ಬೀಪಾತುವಿನ ಕಡೆಗೆ ಚಾಚಿ, ಇನ್ನು ಸ್ವಲ್ಪ ಹಾಕಲು ಹೇಳಿದರು.